ಗೋಡೆಗೆ ಬಣ್ಣ, ಸೂರಿಗೆ ತೂತು

ಮಲ್ಲಿಪಟ್ಟಣ ಸೀಮೆಯ ಹೆಂಚಿನ ಮನೆಗಳು ಬೀಳುವುದು ಮಳೆಗಲ್ಲ, ಮರೆವಿಗೆ

ಅರಕಲಗೂಡಿನಲ್ಲಿ ಸಂಜೆ ಬಸ್ಸು ಹತ್ತಿ ಮಲ್ಲಿಪಟ್ಟಣದ ಕಡೆ ಹೊರಟವರು ಒಂದು ದಿನ ತೂಕಡಿಸದೆ ಕಿಟಕಿಯಾಚೆ ನೋಡಿದರೆ ಸಾಕು, ಈ ಸೀಮೆಯ ಮನೆಗಳ ಜಾತಕವೆಲ್ಲ ಕಣ್ಣಿಗೆ ಬೀಳುತ್ತದೆ. ಒಂದು ಮನೆ, ಗೋಡೆಗೆ ಗಿಣಿಹಸಿರು ಬಣ್ಣ, ಬಾಗಿಲಿಗೆ ಹೊಳೆಯುವ ಪೇಂಟು, ಆದರೆ ಕತ್ತೆತ್ತಿ ನೋಡಿದರೆ ಛಾವಣಿಯ ನೆತ್ತಿ ಮುದಿ ಎತ್ತಿನ ಬೆನ್ನಿನ ಹಾಗೆ ಬಾಗಿದೆ. ಅದರ ಪಕ್ಕದ್ದಕ್ಕೆ ಬೀಗ. ಜಗಲಿಯ ಮೇಲೆ ನಾಯಿ ಮಲಗಿದೆ, ಮೂಲೆಯಲ್ಲಿ ನಾಲ್ಕು ಹೆಂಚು ಜಾರಿ ಆಕಾಶ ಇಣುಕುತ್ತಿದೆ. ಅದರಾಚೆಗೆ ಎರಡು ಗೋಡೆ ಮಾತ್ರ ನಿಂತ ಪಾಳು, ನಡುಮನೆ ಇದ್ದ ಜಾಗದಲ್ಲಿ ಲಾಂಟಾನ ಪೊದೆ. ಬಲ್ಲ ಬಡಗಿಯನ್ನೋ ಗಾರೆಯವನನ್ನೋ ಕೇಳಿದರೆ, ಇವು ಮೂರು ಮನೆಯಲ್ಲ, ಒಂದೇ ಮನೆಯ ಮೂರು ವಯಸ್ಸು ಎಂದು ಹೇಳಿಯಾನು.

ಆಷಾಢದ ಮಳೆ ಹಿಡಿದ ವಾರದಲ್ಲಿ ‘ಮನೆ ಗೋಡೆ ಕುಸಿತ’ ಎಂಬ ಸುದ್ದಿ ಪತ್ರಿಕೆಯಲ್ಲಿ ಬರುವುದು ಹೊಸತೇನೂ ಅಲ್ಲ. ಗೋಡೆ ರಾತ್ರೋರಾತ್ರಿ ಬಿತ್ತು ಎಂಬುದು ನಿಜವೇ. ಆದರೆ ಅದು ಬೀಳಲು ಶುರುಮಾಡಿದ್ದು ಆ ರಾತ್ರಿಯಲ್ಲ. ಅದಕ್ಕೆ ಐದಾರು ವರ್ಷ ಹಿಂದೆ, ಯಾರೂ ಅಟ್ಟ ಹತ್ತಿ ನೋಡದ ಯಾವುದೋ ಒಂದು ಮಧ್ಯಾಹ್ನ.

ಹಾಸನ ಜಿಲ್ಲೆಯ ಮಳೆ ಪಡುವಲಿಂದ ಮೂಡಲಿಗೆ ಬರಬರುತ್ತ ಕಡಿಮೆಯಾಗುತ್ತದೆ. ಸಕಲೇಶಪುರದ ಕಡೆ ವರ್ಷಕ್ಕೆ ಸುಮಾರು 2000 ಮಿ.ಮೀ. ಬಿದ್ದರೆ, ಚನ್ನರಾಯಪಟ್ಟಣಕ್ಕೆ ಬರುವಷ್ಟರಲ್ಲಿ ಅದು 700ರ ಆಸುಪಾಸಿಗೆ ಇಳಿದಿರುತ್ತದೆ. ಹೊಳೆನರಸೀಪುರವೂ ಒಣಸೀಮೆಯ ಲೆಕ್ಕಕ್ಕೇ ಸೇರಿದ್ದು. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ ಹೋಬಳಿ ಇವೆರಡರ ನಡುವಿನ ಅರೆಮಲೆನಾಡು. ಇಲ್ಲಿ ಮಳೆ ಬಡಿದು ಹೋಗುವ ಜಾತಿಯದಲ್ಲ. ಆರಿದ್ರಾದಲ್ಲಿ ಹಿಡಿದದ್ದು ಪುನರ್ವಸು, ಪುಷ್ಯ ದಾಟಿ ಆಶ್ಲೇಷದವರೆಗೂ ಜಿನುಗುತ್ತಲೇ ಇರುತ್ತದೆ. ಗೋಡೆ ಒಣಗಲು ನಡುವೆ ಬಿಡುವೇ ಸಿಗುವುದಿಲ್ಲ. ಚನ್ನರಾಯಪಟ್ಟಣದಲ್ಲಿ ಹತ್ತು ವರ್ಷ ನಡೆದುಹೋಗುವ ಸೋಮಾರಿತನ ಇಲ್ಲಿ ಮೂರು ವರ್ಷವೂ ನಡೆಯುವುದಿಲ್ಲ.

ಲೆಕ್ಕ ಹಾಕಿ ನೋಡಿ. ಸಾವಿರ ಚದರ ಅಡಿಯ ಛಾವಣಿ, ಅದರ ಮೇಲೆ ನೂರು ಮಿ.ಮೀ. ಮಳೆ. ಸುಮಾರು 9,300 ಲೀಟರ್ ನೀರು. ಅಂದರೆ ಹೆಚ್ಚುಕಡಿಮೆ ಐದು ಸಾವಿರ ಲೀಟರಿನ ಎರಡು ಟ್ಯಾಂಕರು ನೀರನ್ನು ತಂದು ಮನೆಯ ನೆತ್ತಿಯ ಮೇಲೆ ಸುರಿದ ಹಾಗೆ. ಅಷ್ಟೂ ನೀರು ಮನೆಯಿಂದಾಚೆ ಹೋಗಬೇಕು. ಹೋಗದೆ ಉಳಿದ ಪ್ರತಿ ಬಿಂದಿಗೆಯೂ ಮನೆಯ ಬೆಲೆಯಿಂದ ಕಳೆಯುವ ದುಡ್ಡೇ.

ಒಂದು ಹೆಂಚಿನ ಕಥೆ

ಮಂಗಳೂರು ಹೆಂಚಿಗೆ ನೂರೈವತ್ತು ವರ್ಷ ದಾಟಿದೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬಾತ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ. ಅಲ್ಲಿಂದಾಚೆಗೆ ಒಂದಕ್ಕೊಂದು ಕಚ್ಚಿಕೊಳ್ಳುವ ಈ ಕೆಂಪು ಹೆಂಚು ಘಟ್ಟ ಹತ್ತಿ ಬಂದು, ಉಳ್ಳವರ ಮನೆಗಳಿಗೆ ಮೊದಲು, ಆಮೇಲೆ ಎಲ್ಲರ ಮನೆಗೂ ಏರಿತು. ಅದಕ್ಕೆ ಮುಂಚೆ ಕುಂಬಾರರು ಮಾಡಿದ ನಾಡಹೆಂಚು, ಅದೂ ಇಲ್ಲದವರಿಗೆ ಹುಲ್ಲು. ಚೆನ್ನಾಗಿ ಸುಟ್ಟ ಮಂಗಳೂರು ಹೆಂಚು ತಾನಾಗಿ ಕೆಡುವುದು ಅಪರೂಪ. ತಾತ ಹೊದಿಸಿದ್ದನ್ನು ಮೊಮ್ಮಗ ಇಳಿಸಿ, ತೊಳೆದು, ಹೊಸ ಮನೆಗೆ ಹಾಕಿಸಿಕೊಂಡ ಉದಾಹರಣೆ ಬೇಕಾದಷ್ಟುಂಟು.

ಕೆಡುವುದು ಹೆಂಚಿನ ಕೆಳಗಿನದು. ಕೋತಿ ಕುಣಿದೋ, ತೆಂಗಿನ ಗರಿ ಬಿದ್ದೋ ಒಂದು ಹೆಂಚು ಸೀಳುತ್ತದೆ. ಹನಿ ಬೀಳುವುದು ಅಟ್ಟದ ಮೇಲಿನ ಹಳೇ ಗೋಣಿಚೀಲದ ಮೇಲೆ, ಆದ್ದರಿಂದ ಕೆಳಗೆ ಉಣ್ಣುತ್ತ ಕೂತವರಿಗೆ ಗೊತ್ತೇ ಆಗುವುದಿಲ್ಲ. ಮರುವರ್ಷ ಆ ಜಾಗದ ರೀಪು ಮೆತ್ತಗಾಗುತ್ತದೆ. ಮೆತ್ತಗಾದ ರೀಪು ಹೆಂಚಿನ ಭಾರಕ್ಕೆ ಬಾಗಿ, ಒಂದಕ್ಕೊಂದು ಕಚ್ಚಿ ನಿಂತಿದ್ದ ಹೆಂಚುಗಳ ಹಿಡಿತ ಬಿಟ್ಟು ಇನ್ನೂ ಮೂರು ಜಾರುತ್ತವೆ. ಈಗ ಹನಿಯಲ್ಲ, ಧಾರೆ. ನೀರು ಪಕಾಸಿನ ಮೇಲೆ ಇಳಿಜಾರಾಗಿ ಹರಿದು, ಪಕಾಸು ಎಲ್ಲಿ ಗೋಡೆಯ ಮೇಲೆ ಕೂತಿದೆಯೋ ಅಲ್ಲಿಗೆ ಬಂದು ನಿಲ್ಲುತ್ತದೆ. ಅಲ್ಲೇ ಇರುವುದು ಮನೆಯ ಮರ್ಮ. ಮಣ್ಣಿನ ಗೋಡೆ ಅಥವಾ ಹಸಿ ಇಟ್ಟಿಗೆಯ ಗೋಡೆ ಮುಖಕ್ಕೆ ನಾಲ್ಕು ಎರಚಲು ಹೊಡೆದರೆ ತಡೆದುಕೊಂಡೀತು. ನೆತ್ತಿಯಿಂದ ಒಳಗೆ ನೀರು ಕುಡಿದರೆ ತಡೆಯುವುದಿಲ್ಲ. ಗೋಡೆ ಹೊರಗಿನಿಂದ ಗಟ್ಟಿಯಾಗೇ ಕಾಣುತ್ತಿರುತ್ತದೆ, ಒಳಗೆ ಮುದ್ದೆಯಾಗಿರುತ್ತದೆ. ಒಂದು ದಿನ ಪಕಾಸಿನ ತುದಿ ಮುರಿದು ತೊಲೆಯ ಮೇಲೆ ಹೊರೆ ಬಿದ್ದು, ಗೋಡೆಯನ್ನು ಆಚೆಗೆ ನೂಕುತ್ತದೆ. ಮಾರನೆಯ ದಿನ ಗ್ರಾಮ ಆಡಳಿತಾಧಿಕಾರಿ ಬಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಶುರುವಾದದ್ದು ಒಂದು ಹೆಂಚಿನಿಂದ. ಆವತ್ತೇ ಏಣಿ ಹಾಕಿ ಒಂದು ಹೆಂಚು ಬದಲಿಸಿದ್ದರೆ ಅರ್ಧ ಗಂಟೆಯ ಕೆಲಸ.

ಹೆಂಚು ಕೈಯಾಡಿಸುವುದು ಎಂದು ಹಿಂದಿನವರು ಅದಕ್ಕೇ ಒಂದು ಮಾತು ಇಟ್ಟಿದ್ದರು. ಮುಂಗಾರಿಗೆ ಮುಂಚೆ ಆಳು ಮೇಲೆ ಹತ್ತಿ, ಸಾಲುಸಾಲಾಗಿ ಹೆಂಚು ಸರಿಸಿ, ಒಡೆದದ್ದು ತೆಗೆದು, ಕಸಕಡ್ಡಿ ಗುಡಿಸಿ, ರೀಪು ತಟ್ಟಿ ನೋಡಿ, ಮತ್ತೆ ಜೋಡಿಸಿ ಇಳಿಯುವುದು. ವರ್ಷಕ್ಕೊಮ್ಮೆ ಅದು ಯುಗಾದಿಯಷ್ಟೇ ಖಾಯಂ ಆಗಿತ್ತು. ಈಗ ಆ ಮಾತು ಗೊತ್ತಿರುವ ಹುಡುಗರೇ ಕಡಿಮೆ, ಕೆಲಸ ಬಲ್ಲ ಆಳು ಇನ್ನೂ ಕಡಿಮೆ.

ದುಡ್ಡು ಬರುವ ಕಾಲ, ಕೆಲಸದ ಕಾಲ

ಜನಕ್ಕೆ ಇದು ಗೊತ್ತಿಲ್ಲ ಎಂದಲ್ಲ. ಅಂಗಡಿ ಕಟ್ಟೆಯ ಮೇಲೆ ಕೂತ ಯಾರನ್ನು ಕೇಳಿದರೂ, ‘ಅದೇ ಕಣಣ್ಣ, ಈ ಸಲ ಮೇಲೆ ಹತ್ತುಸ್ಬೇಕು ಅಂತಾನೇ ಇದ್ದೆ, ಕೈಲಿ ಕಾಸು ಓಡ್ನಿಲ್ಲ, ಮುಂದಿನ ಸಲ ನೋಡನ ಬುಡು’ ಎಂಬ ಉತ್ತರ ಬರುತ್ತದೆ. ಅದು ಸುಳ್ಳೂ ಅಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ದುಡ್ಡು ಓಡಾಡುವ ದಾರಿಯೇ ಹಾಗಿದೆ. ಹೊಗೆಸೊಪ್ಪು ಬೆಳೆದವರಿಗೆ ರಾಮನಾಥಪುರದ ಹರಾಜು ಮಾರುಕಟ್ಟೆಯಿಂದ ಹಣ ಬರುವುದು ದಸರಾ, ದೀಪಾವಳಿಯ ಆಚೀಚೆ. ಛಾವಣಿಯ ಕೆಲಸ ಆಗಬೇಕಾದ್ದು ಚೈತ್ರ, ವೈಶಾಖದಲ್ಲಿ. ಆಗ ಆಲೂಗೆಡ್ಡೆ ಬೀಜ, ಗೊಬ್ಬರ, ಹೊಗೆಸೊಪ್ಪಿನ ಸಸಿ, ಅದರ ಹಿಂದೆಯೇ ಮಕ್ಕಳ ಸ್ಕೂಲ್ ಫೀಸು. ಕೈಯಲ್ಲಿ ದುಡ್ಡಿದ್ದಾಗ ಬಿಸಿಲು ಹೊಡೆಯುತ್ತಿರುತ್ತದೆ, ಯಾರಿಗೂ ಸೂರು ನೆನಪಾಗುವುದಿಲ್ಲ. ಸೂರು ನೆನಪಾಗುವ ಹೊತ್ತಿಗೆ ದುಡ್ಡಿರುವುದಿಲ್ಲ.

ದುಡ್ಡಿದ್ದಾಗ ಏನಾಗುತ್ತದೆ? ಬಣ್ಣ. ಮನೆಯಲ್ಲಿ ಮದುವೆ ಗೊತ್ತಾದರೆ ಬಣ್ಣ, ಊರ ಹಬ್ಬವಾದರೆ ಬಣ್ಣ, ಏನೂ ಇಲ್ಲದಿದ್ದರೆ ಎದುರು ಮನೆಯವರು ಹೊಡೆಸಿದರಲ್ಲ ಎಂದು ಬಣ್ಣ. ಬಣ್ಣ ಬೇಡವೆಂದು ಯಾರೂ ಹೇಳುವುದಿಲ್ಲ. ಹೆಣ್ಣು ಕೊಡಲು ಬಂದ ಬೀಗರು ಗೋಡೆ ನೋಡುತ್ತಾರೆ, ಸರಿ. ಆದರೆ ಮನೆ ಕೊಳ್ಳಲು ಬಂದವನು ಅಟ್ಟ ಹತ್ತಿ ನೋಡುತ್ತಾನೆ. ಸಾಲ ಕೊಡುವ ಬ್ಯಾಂಕಿನ ಮೌಲ್ಯಮಾಪಕರಂತೂ ಬಣ್ಣಕ್ಕೆ ಮರುಳಾಗುವವರಲ್ಲ. ಅವರ ಲೆಕ್ಕ ಈ ಕಟ್ಟಡಕ್ಕೆ ಇನ್ನೆಷ್ಟು ವರ್ಷ ಆಯುಸ್ಸಿದೆ ಎಂಬುದು. ಒದ್ದೆ ಕಲೆ ಮುಚ್ಚಲು ಹೊಡೆಸಿದ ಹೊಸ ಬಣ್ಣವೇ ಅವರಿಗೆ ಮೊದಲ ಸುಳಿವು.

ಹೊಗೆಸೊಪ್ಪಿನ ಹಣ ಬಂದ ದಿನವೇ ಒಂದು ಪಾಲನ್ನು ಸೂರಿಗೆಂದು ತೆಗೆದಿಟ್ಟು, ಹೆಂಚು, ರೀಪು, ಮೊಳೆ ತಂದು ಹಿತ್ತಲಲ್ಲಿ ಪೇರಿಸಿಡುವ ಮನೆಗಳೂ ಇವೆ. ದುಡ್ಡಾಗಿದ್ದರೆ ಖರ್ಚಾಗುತ್ತದೆ, ಹೆಂಚಾಗಿದ್ದರೆ ಹೆಂಚಾಗೇ ಇರುತ್ತದೆ ಎಂಬುದು ಅವರ ಲೆಕ್ಕ. ಯುಗಾದಿ ಕಳೆದ ಮೇಲೆ ಆಳಿನ ಕೂಲಿ ಹೊಂದಿಸಿದರೆ ಸಾಕು.

ಗಟ್ಟಿ ಮಾಡಲು ಹೋಗಿ ಕೆಟ್ಟದ್ದು

ಹಳೆಯ ಮನೆಗೆ ಜನ ಒಲವಿನಿಂದಲೇ ಮಾಡುವ ಒಂದು ಕೇಡು ಉಂಟು, ಸಿಮೆಂಟು. ಮಣ್ಣಿನ ಗೋಡೆ ಉದುರುತ್ತಿದೆ, ಗಟ್ಟಿಯಾಗಲಿ ಎಂದು ಹೊರಗಡೆ ದಪ್ಪಗೆ ಸಿಮೆಂಟ್ ಪ್ಲಾಸ್ಟರು ಹೊಡೆಸುತ್ತಾರೆ. ಎರಡು ವರ್ಷ ನೋಡಲು ಭರ್ಜರಿ. ಆದರೆ ಮಣ್ಣಿನ ಗೋಡೆ ನೆಲದಿಂದ ತೇವ ಎಳೆಯುತ್ತದೆ, ಬಿಸಿಲಿಗೆ ಅದನ್ನು ಹೊರಗೆ ಬಿಡುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಬಿಡುತ್ತಿತ್ತು. ಸಿಮೆಂಟು ಬಿಡುವುದಿಲ್ಲ. ಒಳಗೆ ಸಿಕ್ಕಿದ ತೇವ ಗೋಡೆಯನ್ನು ಒಳಗಿನಿಂದಲೇ ನೆನೆಸುತ್ತದೆ. ಜೊತೆಗೆ ಮಣ್ಣು ತೇವಕ್ಕೆ ಹಿಗ್ಗಿ ಬಿಸಿಲಿಗೆ ಕುಗ್ಗುತ್ತದೆ; ಬಿಗಿಯಾದ ಸಿಮೆಂಟು ಅದರ ಜೊತೆ ಅಲುಗಲಾರದೆ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಮಳೆ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬಂತೆಂದರೆ ಪ್ಲಾಸ್ಟರು ಗೋಡೆ ಬಿಟ್ಟು ಬೇರೆ ನಿಂತಿದೆ ಎಂದರ್ಥ. ಮಣ್ಣಿಗೆ ಮಣ್ಣಿನದೇ ತೇಪೆ, ಮೇಲೆ ಸುಣ್ಣ. ಅಜ್ಜಿಯರು ವರ್ಷಕ್ಕೊಮ್ಮೆ ಗೋಡೆ ಸಾರಿಸಿ ಸುಣ್ಣ ಬಳಿಯುತ್ತಿದ್ದದ್ದು ಬರೀ ಹಬ್ಬದ ಚೆಂದಕ್ಕಲ್ಲ.

ಇನ್ನೊಂದು ಬದಲಾವಣೆಯನ್ನು ಯಾರೂ ಗಮನಿಸಿದ ಹಾಗಿಲ್ಲ. ಸೌದೆ ಒಲೆಯ ಕಾಲದಲ್ಲಿ ಅಡುಗೆ ಮನೆಯ ಹೊಗೆ ಅಟ್ಟಕ್ಕೇರಿ, ಹೆಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು. ಪಕಾಸು, ಜಂತೆಗಳೆಲ್ಲ ಕರಿಹಿಡಿದು, ಒಣಗಿ, ಹುಳ ಮುಟ್ಟದ ಹಾಗಿರುತ್ತಿದ್ದವು. ಈಗ ಹಳ್ಳಿಯ ಮನೆಗಳಿಗೂ ಗ್ಯಾಸ್ ಬಂತು. ಹೆಂಗಸರ ಕಣ್ಣು, ಎದೆ ಎರಡೂ ಉಳಿದವು, ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಆದರೆ ಮಳೆಗಾಲದ ಮೂರು ತಿಂಗಳು ಅಟ್ಟವನ್ನು ಒಣಗಿಸುತ್ತಿದ್ದ ಬಿಸಿ ಹೋಯಿತು ಎಂಬುದನ್ನೂ ನೆನಪಿಡಬೇಕಾಯಿತು. ಒಂದೆರಡು ಗಾಜಿನ ಹೆಂಚು ಹಾಕಿಸಿ ಬೆಳಕು ಬಿಡುವುದು, ಅಟ್ಟದ ಕಿಂಡಿಗೆ ಗೋಣಿ ತುರುಕದೆ ಗಾಳಿ ಆಡಲು ಬಿಡುವುದು, ಬಿಸಿಲು ಬಂದ ದಿನ ಅಟ್ಟದ ಸಾಮಾನು ಇಳಿಸುವುದು, ಇಷ್ಟೇ ಈಗ ಹೊಗೆಗೆ ಬದಲು. ಕತ್ತಲು, ತೇವ, ಮರ, ಈ ಮೂರೂ ಸೇರಿದ ಕಡೆಗೆ ಗೆದ್ದಲನ್ನು ಕರೆಯಬೇಕಾಗಿಲ್ಲ. ಬಾಗಿಲ ಚೌಕಟ್ಟಿನ ಬುಡದಲ್ಲಿ ಪೆನ್ಸಿಲ್ ಗಾತ್ರದ ಮಣ್ಣಿನ ಗೆರೆ ಕಂಡರೆ ಅದು ಬಂದಾಗಿದೆ. ಗೆರೆ ಒರೆಸಿ ಮೇಲೆ ಪೇಂಟು ಹೊಡೆದರೆ ಗೆದ್ದಲಿಗೆ ಇನ್ನೂ ನೆಮ್ಮದಿ.

ರಸ್ತೆ ಏರಿತು, ಜಗಲಿ ಇಳಿಯಿತು

ಮಲ್ಲಿಪಟ್ಟಣವಿರಲಿ, ಕೊಣನೂರಿರಲಿ, ಅರಕಲಗೂಡಿನ ಪೇಟೆಯೇ ಇರಲಿ, ಹಳೆಯ ಮನೆಯ ಮೆಟ್ಟಿಲು ಎಣಿಸಿದರೆ ಒಂದು ವಿಷಯ ತಿಳಿಯುತ್ತದೆ. ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು. ಒಂದಿದ್ದ ಕಡೆ ಇಳಿದು ಹೋಗಬೇಕು. ಮನೆ ಇಳಿದಿಲ್ಲ, ರಸ್ತೆ ಏರಿದೆ. ಮೊದಲು ಜಲ್ಲಿ, ಅದರ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು. ಹಳೆಯದನ್ನು ಕೆತ್ತಿ ತೆಗೆಯದೆ ಪ್ರತಿಸಲ ಅದರ ಮೇಲೇ ಸುರಿದದ್ದರ ಫಲ. ಬೀದಿಯ ನೀರಿಗೆ ಈಗ ಮನೆಯ ಬುಡವೇ ಚರಂಡಿ.

ಪಾಯದ ಪಕ್ಕ ನೀರು ನಿಂತರೆ ಮಣ್ಣು ಮೆತ್ತಗಾಗಿ ಗೋಡೆಯ ಒಂದು ಮೂಲೆ ಕೂರುತ್ತದೆ. ಬಾಗಿಲ ಮೇಲಿನ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗುವ ಬಿರುಕು ಕಂಡರೆ ಅದು ಪ್ಲಾಸ್ಟರಿನ ಬಿರುಕಲ್ಲ, ಪಾಯದ ದೂರು. ಅಂಥ ಬಿರುಕಿಗೆ ಸಿಮೆಂಟು ತುಂಬುವುದು ಜ್ವರ ಬಂದವನ ಮುಖಕ್ಕೆ ಪೌಡರು ಹಚ್ಚಿದ ಹಾಗೆ. ಸೂರಿನ ನೀರು ಬೀಳುವ ಜಾಗಕ್ಕೆ ಕಲ್ಲು ಹಾಸಿ, ಗೋಡೆಯಿಂದಾಚೆಗೆ ಇಳಿಜಾರು ಕೊಟ್ಟು, ತಗಡಿನ ದೋಣಿ ಕಟ್ಟಿ ನೀರನ್ನು ಚರಂಡಿಗೆ ಮುಟ್ಟಿಸಿದರೆ ಅರ್ಧ ರೋಗ ವಾಸಿ. ಬಚ್ಚಲ ನೀರು ಹಿತ್ತಲ ಗೋಡೆಯ ಬುಡದಲ್ಲೇ ಇಂಗುವುದಂತೂ ವರ್ಷವಿಡೀ ನಡೆಯುವ ಮಳೆಗಾಲ. ಬೀದಿಗೆ ಹೊಸ ಕಾಂಕ್ರೀಟು ಬೀಳುವ ಮುಂಚೆ ಗ್ರಾಮಸಭೆಯಲ್ಲಿ ‘ಹಳೇದು ಕೆತ್ತಿ, ಚರಂಡಿ ಮಾಡಿ, ಆಮ್ಯಾಲೆ ಹಾಕಿ’ ಎಂದು ಕೇಳುವ ಹಕ್ಕು ಮನೆಯವರಿಗಿದೆ. ಆದರೆ ರಸ್ತೆ ಮಂಜೂರಾದ ಖುಷಿಯಲ್ಲಿ ಅದನ್ನು ಕೇಳುವವರು ಸಿಗುವುದಿಲ್ಲ.

ಪೇಟೆಯ ಅಂಗಡಿಗಳದು ಇನ್ನೊಂದು ಗೋಳು. ಗೊಬ್ಬರದ ಮೂಟೆ, ಉಪ್ಪಿನ ಮೂಟೆಗಳನ್ನು ಗೋಡೆಗೇ ಒರಗಿಸಿ ಪೇರಿಸುತ್ತಾರೆ. ಮಳೆಗಾಲದ ತೇವಕ್ಕೆ ಅದು ಕರಗಿ ಗೋಡೆಯೊಳಗೆ ಸೇರಿ, ಒಣಗಿದಾಗ ಬಿಳಿ ಹೂವಿನಂತೆ ಹೊರಗೆ ಬಂದು ಗಾರೆಯನ್ನು ಸಿಪ್ಪೆ ಸುಲಿಯುತ್ತದೆ. ಗೋಡೆಗೂ ಮೂಟೆಗೂ ನಡುವೆ ಒಂದು ಗೇಣು ಬಿಟ್ಟು, ಕೆಳಗೆ ಹಲಗೆ ಇಟ್ಟರೆ ಮಾಲೂ ಉಳಿದೀತು, ಗೋಡೆಯೂ ಉಳಿದೀತು. ಆದರೆ ಬಾಡಿಗೆ ಅಂಗಡಿಯಲ್ಲಿ ಗೋಡೆ ಯಾರದ್ದು? ‘ಬಾಡಿಗೆ ತಗೊಳೋರು ಮಾಡ್ಸಲಿ’ ಎಂದು ಇವನು, ‘ಇರೋನು ಮಾಡ್ಸಲಿ’ ಎಂದು ಅವನು. ನಡುವೆ ಸೂರು ಸೋರುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿ ಇದಕ್ಕೊಂದು ದಾರಿ ಹೇಳಿದೆ. ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು, ನೋಟೀಸು ಕೊಟ್ಟ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಹಾಗೆಯೇ, ಬಾಡಿಗೆದಾರನೂ ತಾನು ಬಂದಾಗ ಇದ್ದ ಸ್ಥಿತಿಯಲ್ಲಿ ಸ್ವತ್ತನ್ನು ಇಟ್ಟುಕೊಳ್ಳಬೇಕು, ಸಹಜ ಸವಕಳಿ ಬಿಟ್ಟು. ಯಾವ ರಿಪೇರಿ ಯಾರದು ಎಂದು ಕರಾರಿನಲ್ಲೇ ಒಂದು ಸಾಲು ಬರೆಸಿದರೆ ಜಗಳವೇ ಇಲ್ಲ. ಆದರೆ ಅಡ್ವಾನ್ಸು, ಬಾಡಿಗೆ ಬಿಟ್ಟು ಬೇರೇನೂ ಬರೆಸದ ಕರಾರುಗಳೇ ಹೆಚ್ಚು.

ಅರಳಿ ಸಸಿ ಮತ್ತು ಹಳೇಬೀಡು

ತಾರಸಿ ಕಟ್ಟಿಸಿದವರು ‘ನಮಗೆ ಹೆಂಚಿನ ರಗಳೆ ಇಲ್ಲ’ ಎಂದು ನೆಮ್ಮದಿಯಾಗಿದ್ದಾರೆ. ರಗಳೆ ತಡವಾಗಿ ಬರುತ್ತದೆ, ಅಷ್ಟೇ. ಮಳೆನೀರಿನ ಕೊಳವೆಯ ಬಾಯಿಗೆ ಎಲೆ ಕಟ್ಟಿಕೊಂಡು ನೀರು ನಿಂತರೆ ಕಾಂಕ್ರೀಟು ಅದನ್ನು ನಿಧಾನವಾಗಿ ಕುಡಿಯುತ್ತದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಊದಿಕೊಳ್ಳುತ್ತದೆ, ಊದಿದ್ದು ಕೆಳಗಿನ ಪದರವನ್ನು ಒಡೆದು ಬೀಳಿಸುತ್ತದೆ. ಮನೆಯೊಳಗೆ ಮಲಗಿ ಮೇಲೆ ನೋಡಿದಾಗ ಕಂದು ಗೆರೆ ಕಂಡರೆ ಅದು ತುಕ್ಕಿನ ದಾರಿ.

ತಾರಸಿಯ ಅಂಚಿನಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಹುಟ್ಟುವ ಅರಳಿ ಸಸಿ ಇನ್ನೊಂದು. ಎರಡೆಲೆ ಇದ್ದಾಗ ಕಿತ್ತರೆ ಬೆರಳಿಗೆ ಬರುತ್ತದೆ. ದೇವರ ಮರ, ಕೀಳಬಾರದು ಎಂಬ ಭಯಭಕ್ತಿಯಲ್ಲಿ ಬಿಟ್ಟರೆ ಬೇರು ಗೋಡೆಯೊಳಗೆ ಇಳಿಯುತ್ತದೆ. ಮರದ ಬೇರು ಏನು ಮಾಡಬಲ್ಲದು ಎಂಬುದಕ್ಕೆ ಈ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಹಳೇಬೀಡಿನಲ್ಲಿ ಎರಡನೇ ವೀರಬಲ್ಲಾಳನ ಕಾಲದ ಕೇದಾರೇಶ್ವರ ದೇವಾಲಯಕ್ಕೆ ಇಂದು ಶಿಖರವಿಲ್ಲ. ಗೋಪುರದಲ್ಲಿ ಬೇರೂರಿದ ಮರ ಕಲ್ಲುಗಳನ್ನು ಬೇರ್ಪಡಿಸಿ ಗುಡಿಯನ್ನು ಹಾಳುಗೆಡವಿದ್ದನ್ನು 19ನೇ ಶತಮಾನದಲ್ಲೇ ಫರ್ಗ್ಯುಸನ್ ಎಂಬ ವಿದ್ವಾಂಸ ಬರೆದಿಟ್ಟಿದ್ದಾನೆ. ಹೊಯ್ಸಳರ ಕಲ್ಲೇ ತಡೆಯದ್ದನ್ನು ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ತಡೆದೀತೆ? ಪಾಪ ತಟ್ಟೀತೆಂಬ ಅಂಜಿಕೆ ಇದ್ದವರು ಸಸಿಯನ್ನು ಬೇರು ಸಮೇತ ಕಿತ್ತು ಕೆರೆ ಏರಿಯ ಬದಿಗೆ ನೆಟ್ಟು ಬರುವುದುಂಟು. ಮರವೂ ಉಳಿಯಿತು, ಮನೆಯೂ ಉಳಿಯಿತು.

ನಾಲ್ಕು ಜನರ ಮನೆ, ಯಾರದೂ ಅಲ್ಲದ ಮನೆ

ಇದೆಲ್ಲ ಮನೆಯೊಳಗೆ ಜನ ಇದ್ದಾಗಿನ ಮಾತು. ಈ ಸೀಮೆಯಲ್ಲಿ ಬೇಗ ಬೀಳುತ್ತಿರುವುದು ಬೀಗ ಹಾಕಿದ ಮನೆಗಳು. ಒಂದು ಮನೆ ಅಂದುಕೊಳ್ಳಿ, ಇಂಥದ್ದು ಯಾವ ಊರಲ್ಲಿಲ್ಲ? ತಾತ ಕಟ್ಟಿಸಿದ ತೊಟ್ಟಿಮನೆ, ಹೊನ್ನೆಯ ಕಂಬ, ಕೆತ್ತನೆಯ ಬಾಗಿಲು. ಮಕ್ಕಳು ನಾಲ್ವರು. ಹಿರಿಯವನು ಹಾಸನದಲ್ಲಿ, ಎರಡನೆಯವನು ಬೆಂಗಳೂರಲ್ಲಿ, ಮಗಳನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿದೆ, ಕಿರಿಯವನು ಊರಲ್ಲೇ ಇದ್ದರೂ ರಸ್ತೆ ಪಕ್ಕ ಬೇರೆ ಮನೆ ಕಟ್ಟಿಕೊಂಡಿದ್ದಾನೆ. ತಾಯಿ ಇರುವವರೆಗೆ ದೀಪ ಹತ್ತುತ್ತಿತ್ತು. ಆಕೆ ಹೋದ ವರ್ಷ ಬೀಗ ಬಿತ್ತು.

ಆ ಮನೆಯ ಹೆಂಚು ಕೈಯಾಡಿಸುವವರು ಯಾರು? ಕಿರಿಯವನು ಮಾಡಿಸಿದರೆ ‘ಮನೆ ತನಗೇ ಮಾಡ್ಕೊಳಕ್ಕೆ ನೋಡ್ತಾವ್ನೆ’ ಎಂಬ ಮಾತು. ಹಿರಿಯವನು ದುಡ್ಡು ಕಳಿಸಿದರೆ ‘ನನ್ನ ಪಾಲಿಗೆ ಬರೋದು ಗ್ಯಾರಂಟಿ ಏನು’ ಎಂದು ಅವನ ಮನೆಯಲ್ಲಿ ಮಾತು. ವಿಭಾಗ ಪತ್ರವಾಗಲಿ, ಆಮೇಲೆ ನೋಡೋಣ ಎಂದು ಎಲ್ಲರೂ ಕಾಯುತ್ತಾರೆ. ಮಳೆ ಕಾಯುವುದಿಲ್ಲ. ಹಬ್ಬಕ್ಕೆ ಬಂದಾಗ ಬೀಗ ತೆಗೆದು, ಬಾವಲಿ ವಾಸನೆಗೆ ಮೂಗು ಮುಚ್ಚಿಕೊಂಡು, ಫೋಟೋ ತೆಗೆದು, ಅಮ್ಮನ ಅಡುಗೆ ಮನೆ ಎಂದು ಕಣ್ಣೊರೆಸಿಕೊಂಡು, ಮತ್ತೆ ಬೀಗ ಹಾಕಿ ಹೋಗುತ್ತಾರೆ. ಆರನೆಯ ಮಳೆಗಾಲದಲ್ಲಿ ತೊಟ್ಟಿಯ ಒಂದು ಬದಿ ಕೂರುತ್ತದೆ. ಏಳನೆಯ ವರ್ಷ ಹಳೆ ಮರದ ವ್ಯಾಪಾರಿ ಬಂದು ಕಂಬ, ಬಾಗಿಲು, ಹೆಂಚು ಎಲ್ಲ ಸೇರಿಸಿ ಒಂದು ಮಾತು ಕೇಳುತ್ತಾನೆ. ಅಲ್ಲಿಯವರೆಗೆ ಒಪ್ಪದಿದ್ದ ನಾಲ್ವರೂ ಅವತ್ತು ಒಪ್ಪುತ್ತಾರೆ. ಅದೇ ಕಂಬ ಬೆಂಗಳೂರಿನಲ್ಲಿ ಯಾವುದೋ ರೆಸಾರ್ಟಿನ ಬಾಗಿಲಲ್ಲಿ ಎಣ್ಣೆ ಹಚ್ಚಿಸಿಕೊಂಡು ನಿಲ್ಲುತ್ತದೆ.

ಗೊರೂರಿನಲ್ಲಿ ಹೇಮಾವತಿಗೆ 1979ರಲ್ಲಿ ಅಣೆಕಟ್ಟೆ ಪೂರ್ತಿಯಾದಾಗ ಮುಳುಗಿದ ಊರುಗಳವರಿಗೆ ಆಯ್ಕೆಯೇ ಇರಲಿಲ್ಲ. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು 19ನೇ ಶತಮಾನದಲ್ಲಿ ಕಟ್ಟಿಸಿದ ಇಗರ್ಜಿ ಮಳೆಗಾಲಗಳಲ್ಲಿ ಹಿನ್ನೀರಿನಲ್ಲಿ ಮುಳುಗಿ ಏಳುತ್ತ, ಸೂರು ಕಳೆದುಕೊಂಡು, ಒಂದೊಂದೇ ಭಾಗ ಕಳಚುತ್ತ ಬಂದಿದೆ. ಅದನ್ನು ನೋಡಲು ಊರೂರಿಂದ ಜನ ಬರುತ್ತಾರೆ. ಅಣೆಕಟ್ಟೆಯಿಲ್ಲದೆ, ಹಿನ್ನೀರಿಲ್ಲದೆ ತಮ್ಮ ಬೀದಿಯಲ್ಲೇ ಮುಳುಗುತ್ತಿರುವ ಮನೆಯನ್ನು ನೋಡುವವರು ಮಾತ್ರ ಯಾರೂ ಇಲ್ಲ.

ಬೀಗದ ಮನೆಗೆ ಇರುವ ಅಗ್ಗದ ಔಷಧಿ ಎಂದರೆ ಯಾರನ್ನಾದರೂ ಇರಿಸುವುದು. ಮಾಸ್ತರಿಗೋ, ಅಂಗನವಾಡಿಯ ಕಾರ್ಯಕರ್ತೆಗೋ, ಮಗ್ಗುಲ ಮನೆಯ ಹೊಸ ಸಂಸಾರಕ್ಕೋ ಹೆಸರಿಗೊಂದು ಬಾಡಿಗೆಗೆ ಕೊಟ್ಟರೆ, ಒಲೆ ಹೊತ್ತುತ್ತದೆ, ಕಿಟಕಿ ತೆರೆಯುತ್ತದೆ, ಸೋರಿದ ದಿನವೇ ಯಾರೋ ನೋಡುತ್ತಾರೆ. ‘ಕೊಟ್ರೆ ಬುಡಲ್ಲ’ ಎಂಬ ಭಯ ಇದ್ದದ್ದೇ. ಹನ್ನೊಂದು ತಿಂಗಳ ಕರಾರು ಬರೆಸಿ ಕೊಡುವವರೂ ಇದ್ದಾರೆ. ಅದೂ ಬೇಡವೆಂದರೆ ನಾಲ್ವರೂ ಸೇರಿ ಒಂದು ಹಾಳೆಯ ಮೇಲೆ, ಸೂರಿನ ಖರ್ಚು ಸಮಪಾಲು, ಖರ್ಚು ಮಾಡಿದ ಮಾತ್ರಕ್ಕೆ ಹೆಚ್ಚಿನ ಹಕ್ಕಿಲ್ಲ ಎಂದು ಬರೆದು ಸಹಿ ಹಾಕಿದರೆ ವಿಭಾಗ ಹತ್ತು ವರ್ಷ ತಡವಾದರೂ ಮನೆ ನಿಂತಿರುತ್ತದೆ. ಸಹಿ ಎಂದರೆ ಗಂಡುಮಕ್ಕಳದು ಮಾತ್ರವಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು; ಕರ್ನಾಟಕದಲ್ಲಿ ಅದರ ದಾರಿ 1994ರಲ್ಲೇ ತೆರೆದಿತ್ತು.

ಕಾಗದವೂ ಮನೆಯ ಒಂದು ಗೋಡೆಯೇ. ಗ್ರಾಮ ಪಂಚಾಯ್ತಿಯ ಸ್ವತ್ತುಗಳಿಗೆ 2013ರಿಂದ ಈ-ಸ್ವತ್ತು ಬಂದಿದೆ. ನಮೂನೆ 9, ನಮೂನೆ 11 ಇಲ್ಲದ ಮನೆ ಎಷ್ಟು ಗಟ್ಟಿಯಾಗಿದ್ದರೂ ಕೊಳ್ಳುವವ ಹಿಂದೆ ಸರಿಯುತ್ತಾನೆ. ಖಾತೆ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದ್ದರೆ ರಿಪೇರಿಗೆ ಬ್ಯಾಂಕಿನ ಸಾಲ ಸಿಗುವುದು ಕಷ್ಟ. ಮನೆ ಬಿದ್ದ ಮೇಲೆ ಸರ್ಕಾರದ ಪರಿಹಾರ ಕೇಳಲು ಹೋದರೂ ಮೊದಲು ಕೇಳುವುದು ಮನೆ ಯಾರ ಹೆಸರಲ್ಲಿದೆ ಎಂಬುದನ್ನೇ. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ರಾಮನಾಥಪುರದ ಬೀದಿಗಳಿಗೆ ನುಗ್ಗಿದ ಆ ಮಳೆಗಾಲ, ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂ. ಘೋಷಿಸಿದ್ದು ನಿಜ. ಅದನ್ನೇ ನಂಬಿ ಸೂರು ಬಿಟ್ಟರೆ, ಐದು ಲಕ್ಷಕ್ಕೆ ತೊಟ್ಟಿಮನೆ ಎದ್ದು ನಿಲ್ಲುತ್ತದೆಯೇ ಎಂದು ಯಾವ ಗಾರೆಯವನನ್ನಾದರೂ ಕೇಳಬಹುದು.

ಕೊನೆಗೆ ಹೆಂಚು ಬದಲಿಸುವವರಿಗೆ ಒಂದು ಮಾತು ಬಾಕಿ ಇದೆ. ಮಂಗಳೂರು ಹೆಂಚೆಲ್ಲ ಒಂದೇ ಅಲ್ಲ. ಒಂದೊಂದು ಕಾರ್ಖಾನೆಯ ಹೆಂಚಿನ ಕಚ್ಚು ಒಂದೊಂದು ಬಗೆ. ಬೇರೆ ಗುರುತಿನದನ್ನು ನಡುವೆ ಸೇರಿಸಿದರೆ ಸರಿಯಾಗಿ ಕೂರದೆ ಅಲ್ಲೇ ಸೋರುತ್ತದೆ. ಮಂಗಳೂರಿನ ಎಷ್ಟೋ ಹಳೆಯ ಕಾರ್ಖಾನೆಗಳು ಬಾಗಿಲು ಹಾಕಿವೆ, ಅವುಗಳ ಹೆಂಚು ಅಂಗಡಿಯಲ್ಲಿ ಸಿಗುವುದಿಲ್ಲ. ಹೀಗಾಗಿ ಜಾಣರು ತಮ್ಮ ಮನೆಯ ಒಂದು ಒಡೆದ ಹೆಂಚನ್ನು ಚೀಲದಲ್ಲಿ ಹಾಕಿಕೊಂಡು, ಹತ್ತಿರದಲ್ಲಿ ಎಲ್ಲಿ ಹಳೆ ಮನೆ ಕೆಡವುತ್ತಿದ್ದಾರೆಂದು ವಿಚಾರಿಸಿ, ಹಿಂಭಾಗದ ಗುರುತು ಹೊಂದಿಸಿ ನೋಡಿ, ಐವತ್ತೋ ನೂರೋ ಕೊಂಡು ಹಿತ್ತಲ ಗೋಡೆಗೆ ಒರಗಿಸಿಟ್ಟುಕೊಳ್ಳುತ್ತಾರೆ. ಭರಣಿ ಮಳೆಯ ಮೊದಲ ಗುಡುಗಿಗೆ ಹೆಂಚಿನ ಆಳುಗಳಿಗೆ ಎಲ್ಲ ಕಡೆಯಿಂದಲೂ ಕರೆ ಬರುತ್ತದೆ; ಅವರನ್ನು ಶಿವರಾತ್ರಿ ಕಳೆಯುತ್ತಲೇ ಗೊತ್ತು ಮಾಡಿಕೊಂಡವರ ಮನೆಗೆ ಮೊದಲ ಏಣಿ.